ನೆಲಕ್ಕೊಂದು ಪೆಟ್ಟು

ಮಗು ಎಡವಿ ಬಿದ್ದರೆ ನಮ್ಮ ಕಡೆ ಮೊದಲು ಪೆಟ್ಟು ತಿನ್ನುವುದು ನೆಲ. ಅಜ್ಜಿಯೋ ದೊಡ್ಡಮ್ಮನೋ ಓಡಿ ಬಂದು, ಮಗುವನ್ನು ಸೊಂಟಕ್ಕೇರಿಸಿ, ಬಿದ್ದ ಜಾಗಕ್ಕೆ ಅಂಗೈಯಿಂದ ಪಟಪಟ ಬಾರಿಸಿ, “ನಮ್ಮ ಪುಟ್ಟನ್ನ ಬೀಳಿಸ್ತೀಯಾ? ತಗೋ, ಇನ್ನೊಂದು ತಗೋ” ಎಂದು ಗದರುತ್ತಾರೆ. ತಾಗಿದ್ದು ಬಾಗಿಲಾದರೆ ಬಾಗಿಲಿಗೆ, ಮೇಜಾದರೆ ಮೇಜಿಗೆ. ಮಗು ಬಿಕ್ಕುತ್ತಲೇ ತಾನೂ ಒಂದು ಪೆಟ್ಟು ಕೊಟ್ಟು, ನ್ಯಾಯ ಸಿಕ್ಕಿತೆಂಬ ಸಮಾಧಾನದಲ್ಲಿ ಸಿಂಬಳ ಒರೆಸಿಕೊಳ್ಳುತ್ತದೆ. ಇನ್ನು ಕೆಲವು ಮನೆಗಳಲ್ಲಿ ಬೇರೆಯೇ ಪದ್ಧತಿ. “ಅಯ್ಯಯ್ಯೋ, ನೀನು ಬಿದ್ದ ಜಾಗದಲ್ಲಿ ಇರುವೆ ಸತ್ತೇ ಹೋಯ್ತಲ್ಲೋ!” ಅನ್ನುತ್ತಾರೆ. ಮಗು ಮಂಡಿಯ ಉರಿ ಮರೆತು, ಬಗ್ಗಿ, ಸತ್ತ ಇರುವೆಯನ್ನು ಹುಡುಕತೊಡಗುತ್ತದೆ.

ಇವೆರಡೂ ಸಾಮಾನ್ಯ ಸಂಗತಿಗಳಲ್ಲ, ಎರಡು ದೊಡ್ಡ ದರ್ಶನಗಳು. ನಿನಗೆ ನೋವಾಗಿದೆಯೆಂದರೆ ಎಲ್ಲೋ ಒಬ್ಬ ಅಪರಾಧಿ ಇದ್ದೇ ಇರುತ್ತಾನೆ ಎನ್ನುವುದು ನೆಲದ ಪಕ್ಷ. ನಿನ್ನ ನೋವು ಹಾಗಿರಲಿ, ನಿನ್ನಿಂದ ಯಾರಿಗೆ ನೋವಾಯಿತು ನೋಡು ಎನ್ನುವುದು ಇರುವೆಯ ಪಕ್ಷ. ನಾನು ಇರುವೆಯ ಪಕ್ಷದವನು. ನೆಲಕ್ಕೆ ಹೊಡೆದು ಬೆಳೆದವರೇ ಮುಂದೆ ಸಿಗ್ನಲ್ಲು ಹಸಿರಾಗುವ ಮೊದಲೇ ಮುಂದಿನ ಗಾಡಿಯವನ ಮೇಲೆ ಹಾರ್ನು ಒತ್ತುವವರಾಗುತ್ತಾರೆ ಎಂಬುದು ನನ್ನ ಗುಮಾನಿ. ಇದನ್ನು ಸಾಬೀತು ಮಾಡು ಎಂದು ಯಾವ ವಿಶ್ವವಿದ್ಯಾಲಯವೂ ನನಗೆ ದುಡ್ಡು ಕೊಟ್ಟಿಲ್ಲವಾದ್ದರಿಂದ ಅದು ಗುಮಾನಿಯಾಗಿಯೇ ಉಳಿದಿದೆ.

ಯಾವ ಅಜ್ಜಿಯೂ “ಬಾ ಮಗು, ಇವತ್ತು ಸಿಟ್ಟಿನ ಪಾಠ” ಎಂದು ಹಲಗೆ ಹಿಡಿದು ಕೂರುವುದಿಲ್ಲ. ಆದರೂ ಸಿಟ್ಟು ಎಂದರೇನು, ಅದು ಯಾರ ಮೇಲೆ ಬರಬಹುದು, ಯಾರ ಮೇಲೆ ಬರಕೂಡದು, ಬಂದರೆ ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂಬ ಸಮಗ್ರ ಪಠ್ಯ ಆರು ವರ್ಷದೊಳಗೆ ಮುಗಿದಿರುತ್ತದೆ. ಭಯದ ಪಾಠವಂತೂ ಅದಕ್ಕೂ ಮುಂಚೆಯೇ. ಅದಕ್ಕೆ ನಾವು ಖಾಯಂ ಮೇಷ್ಟರೊಬ್ಬರನ್ನು ನೇಮಿಸಿಕೊಂಡಿದ್ದೇವೆ, ಗುಮ್ಮ ಅಂತ. ಅವನನ್ನು ಯಾರೂ ನೋಡಿಲ್ಲ, ಸಂಬಳವಿಲ್ಲ, ನಿವೃತ್ತಿಯೂ ಇಲ್ಲ. ಬಾಲಕೃಷ್ಣನೇ ಗುಮ್ಮನಿಗೆ ಹೆದರಿ, ಅವನನ್ನು ಕರೆಯಬೇಡವೆಂದು ತಾಯಿಗೆ ಗೋಗರೆಯುವ ಪದವನ್ನು ಪುರಂದರದಾಸರು ಬರೆದಿದ್ದಾರೆ. ಅಲ್ಲಿ ನನಗೆ ಇಷ್ಟವಾಗುವುದು ಕೃಷ್ಣನ ಹೆದರಿಕೆಯಲ್ಲ, ಅವನ ಚೌಕಾಶಿ. ಇನ್ನು ಮುಂದೆ ಅದು ಮಾಡುವುದಿಲ್ಲ, ಇದು ಮಾಡುವುದಿಲ್ಲ ಎಂದು ಒಂದೊಂದೇ ಒಪ್ಪಿಕೊಳ್ಳುತ್ತಾ ಹೋಗುತ್ತಾನೆ. ತಾಯಿಗೆ ಏನು ಬೇಕೆಂದು ಚೆನ್ನಾಗಿ ಗೊತ್ತಿದ್ದವನು ಮಾಡುವ ಚೌಕಾಶಿ ಅದು. ತನಗೆ ಭಯವಾಗಿದೆ ಎಂದು ತಾಯಿಗೆ ಗೊತ್ತಾದರೆ ಅವಳಿಗೆ ಕನಿಕರ ಹುಟ್ಟುತ್ತದೆ ಎಂಬ ಲೆಕ್ಕ ಆ ಹುಡುಗನಿಗೆ ಕರಗತ. ದಾಸರು ಮಕ್ಕಳನ್ನು ಹತ್ತಿರದಿಂದ ನೋಡಿದ್ದರು.

ಹತ್ತಿರದಿಂದ ನೋಡಿದ ಇನ್ನೊಬ್ಬ ಮಹಾಶಯ ಚಾರ್ಲ್ಸ್ ಡಾರ್ವಿನ್. 1839ರ ಡಿಸೆಂಬರಿನಲ್ಲಿ ಅವನ ಹಿರಿಯ ಮಗ ವಿಲಿಯಂ ಹುಟ್ಟಿದ. ಮನೆಯಲ್ಲಿ ಕರೆಯುವ ಹೆಸರು ಡಾಡಿ. ಈಗಿನ ಅಪ್ಪಂದಿರು ಮೊಬೈಲು ಹಿಡಿದುಕೊಂಡು ಮಗುವಿನ ಹಿಂದೆ ಬೀಳುವಂತೆ ಡಾರ್ವಿನ್ ನೋಟ್‌ಬುಕ್ಕು ಹಿಡಿದು ಬಿದ್ದ. ಬರೆದಿಟ್ಟದ್ದನ್ನು ಮೂರೂವರೆ ದಶಕಕ್ಕೂ ಹೆಚ್ಚು ಕಾಲ ಹಾಗೇ ಬಿಟ್ಟು, 1877ರಲ್ಲಿ ‘ಮೈಂಡ್’ ಎಂಬ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಇಂದು ವಾಟ್ಸಾಪಿನ ಸ್ಟೇಟಸ್ಸಿಗೆ ಮೂರೂವರೆ ನಿಮಿಷ ಕಾಯದ ನಮಗೆ ಆ ತಾಳ್ಮೆಯೇ ಒಂದು ಪವಾಡ. ಮಗುವಿಗೆ ಆರು ತಿಂಗಳು ತುಂಬಿ ಕೆಲವೇ ದಿನಗಳಾಗಿದ್ದಾಗ ದಾದಿ ಅಳುವ ಹಾಗೆ ನಟಿಸಿದಳಂತೆ. ತಕ್ಷಣ ಡಾಡಿಯ ತುಟಿಯ ಕೊನೆಗಳು ಕೆಳಗಿಳಿದು ಮುಖ ಚಿಕ್ಕದಾಯಿತು. ಬೇರೆಯವರು ಅಳುವುದನ್ನು ಅವನು ಅಲ್ಲಿಯ ತನಕ ನೋಡಿದ್ದೇ ಅಪರೂಪ. ಹದಿನೈದೂವರೆ ತಿಂಗಳಾದಾಗ ಅಪ್ಪ ಒಂದು ದೊಡ್ಡ ಗೊಂಬೆಯನ್ನು ಮುದ್ದಿಸಿದ್ದಕ್ಕೆ ಹೊಟ್ಟೆಕಿಚ್ಚು. ಗೊಂಬೆಯ ಮೇಲೂ ಹೊಟ್ಟೆಕಿಚ್ಚು ಪಡುವ ಶಕ್ತಿ ಮನುಷ್ಯನಿಗೆ ಎಷ್ಟು ಬೇಗ ಬರುತ್ತದೆ ನೋಡಿ.

ಎಲ್ಲಕ್ಕಿಂತ ರುಚಿಯಾದದ್ದು ಸಕ್ಕರೆಯ ಪ್ರಸಂಗ. ಡಾಡಿಗೆ ಎರಡು ವರ್ಷ ಏಳೂವರೆ ತಿಂಗಳು. ಊಟದ ಕೋಣೆಯಿಂದ ಹೊರಗೆ ಬರುತ್ತಿದ್ದವನ ಕಣ್ಣು ಯಾಕೋ ವಿಪರೀತ ಮಿಂಚುತ್ತಿದೆ, ನಡಿಗೆಯಲ್ಲಿ ಏನೋ ನಾಟಕ. ಅಪ್ಪ ಒಳಗೆ ಹೋಗಿ ನೋಡಿದರೆ, ಮುಟ್ಟಬೇಡವೆಂದಿದ್ದ ಸಕ್ಕರೆ ಪುಡಿಗೆ ಕೈ ಬಿದ್ದಿದೆ. ಈ ಮಗುವಿಗೆ ಎಂದೂ ಶಿಕ್ಷೆ ಕೊಟ್ಟಿರಲಿಲ್ಲವಾದ್ದರಿಂದ ಇದು ಹೆದರಿಕೆಯ ಮುಖವಲ್ಲ, ಕದ್ದು ತಿಂದ ಖುಷಿಯೂ ಅಂತಃಸಾಕ್ಷಿಯೂ ಒಳಗೆ ಕುಸ್ತಿ ಹಿಡಿದ ಮುಖ ಎಂದು ಡಾರ್ವಿನ್ ತೀರ್ಮಾನಿಸುತ್ತಾನೆ. ಹದಿನೈದು ದಿನ ಕಳೆಯುವುದರಲ್ಲಿ ಹುಡುಗ ಇನ್ನೊಂದು ಮೆಟ್ಟಿಲು ಹತ್ತಿದ್ದ. ಅದೇ ಕೋಣೆಯಿಂದ ಬಂದ; ಈ ಸಲ ಮೇಲಂಗಿಯನ್ನು ಜೋಪಾನವಾಗಿ ಸುತ್ತಿಕೊಂಡಿದ್ದಾನೆ, ಅದರಲ್ಲಿ ಏನೂ ಇಲ್ಲ ಅನ್ನುತ್ತಾನೆ, ಅಪ್ಪನಿಗೇ ಆಚೆ ಹೋಗು ಎಂದು ಆಜ್ಞೆ ಮಾಡುತ್ತಾನೆ. ಬಿಡಿಸಿ ನೋಡಿದರೆ ಉಪ್ಪಿನಕಾಯಿಯ ರಸದ ಕಲೆ! ಎರಡು ವಾರದ ಹಿಂದೆ ಮುಖವನ್ನು ಮರೆಸಲು ಬಾರದವನಿಗೆ ಈಗ ಅಂಗಿಯ ಕಲೆ ಮರೆಸಲು ಬರುತ್ತಿದೆ. ಅಪ್ಪನ ಕಣ್ಣಿಗೆ ಏನು ಬಿದ್ದರೆ ಅಪ್ಪನ ಮನಸ್ಸಿನಲ್ಲಿ ಏನು ಏಳುತ್ತದೆ ಎಂಬ ಅಂದಾಜು ಅವನಿಗೆ ಸಿಕ್ಕಿಬಿಟ್ಟಿದೆ. ಮಕ್ಕಳು ಮೊದಲ ಸುಳ್ಳು ಹೇಳಿದ ದಿನ ಮನೆಯವರು ಸಂಕಟಪಡುತ್ತಾರೆ. ಹಾಲುಬಾಯಿ ಹಂಚಬೇಕಾದ ದಿನ ಅದು.

ಕದ್ದವನಿಗೆ ಒಳಗೊಳಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಜರ್ಮನಿಯ ಗೆರ್ಟ್ರುಡ್ ನುನ್ನರ್-ವಿಂಕ್ಲರ್ ಮತ್ತು ಬೇಟೆ ಸೋಡಿಯನ್ ಎಂಬಿಬ್ಬರು ಮಕ್ಕಳನ್ನೇ ಕೇಳಿದರು. ಅವರ ಲೇಖನ ಬಂದದ್ದು 1988ರಲ್ಲಿ. ಗೆಳೆಯನ ಮಿಠಾಯಿ ಕದ್ದ ಹುಡುಗನ ಕಥೆ ಹೇಳಿ, ಈಗ ಅವನಿಗೆ ಹೇಗನ್ನಿಸುತ್ತಿದೆ ಎಂದರೆ ನಾಲ್ಕು ವರ್ಷದವರಲ್ಲಿ ಹೆಚ್ಚಿನವರ ಉತ್ತರ ಸೀದಾ ಸಾದಾ: ಖುಷಿ, ಮಿಠಾಯಿ ಸಿಕ್ಕಿತಲ್ಲ! ಕದಿಯುವುದು ತಪ್ಪು ಎಂದು ಅವರಿಗೂ ಗೊತ್ತು. ತಪ್ಪು ಬೇರೆ, ಖುಷಿ ಬೇರೆ. ಎಂಟು ವರ್ಷದವರು ಮಾತ್ರ, ಪಾಪ ಅವನಿಗೆ ಬೇಜಾರಾಗಿರುತ್ತದೆ ಅನ್ನುತ್ತಾರೆ. ನಮ್ಮ ಸಾರ್ವಜನಿಕ ಜೀವನವನ್ನು ನೋಡಿದಾಗ ಈ ವಿಷಯದಲ್ಲಿ ಯಾರು ಹೆಚ್ಚು ವಾಸ್ತವವಾದಿಗಳು ಎಂಬ ಅನುಮಾನ ನನಗೆ ಬರುತ್ತದೆ. ಅದರ ಚರ್ಚೆ ಇಲ್ಲಿ ಬೇಡ.

ಇನ್ನು ಭಾವಗಳಿಗೆ ಹೆಸರಿಡುವ ಕೆಲಸಕ್ಕೆ ಬರೋಣ. ಬೆಂಗಳೂರಿನಲ್ಲಿ ನಮ್ಮ ಬಂಧುಗಳೊಬ್ಬರ ಮೊಮ್ಮಗಳು ಹೋಗುವ ಶಿಶುವಿಹಾರದ ಗೋಡೆಯ ಮೇಲೆ ದೊಡ್ಡದೊಂದು ಚಾರ್ಟು ಇದೆ. ಹಳದಿ ಮುಖಗಳು, ಒಂದು ನಗುವುದು, ಒಂದು ಅಳುವುದು, ಒಂದು ಹಲ್ಲು ಕಚ್ಚುವುದು. ಮಗು ಒಳಗೆ ಹೋಗುವಾಗ ಒಂದು ಮುಖ ಮುಟ್ಟಿ ಹೋಗಬೇಕು. ಈ ಮಗು ನಿತ್ಯವೂ ನಗುಮುಖವನ್ನೇ ಮುಟ್ಟುತ್ತದೆ. ಯಾಕೆಂದರೆ ಅದು ಅವಳ ಕೈಗೆಟಕುವ ಎತ್ತರದಲ್ಲಿದೆ. ಟೀಚರು ಖುಷಿ, ಪೋಷಕರು ಖುಷಿ. ಇದೇ ಚಾರ್ಟು ಕುಣಿದಾಡುವ ರೂಪದಲ್ಲಿ ಬಂದದ್ದು 2015ರ ‘ಇನ್‌ಸೈಡ್ ಔಟ್’ ಸಿನಿಮಾ. ಹುಡುಗಿಯೊಬ್ಬಳ ತಲೆಯೊಳಗೆ ಐದು ಭಾವಗಳು ಕೂತು ಸ್ವಿಚ್ಚು ಒತ್ತುವ ಕಥೆ: ಸಂತೋಷ, ದುಃಖ, ಭಯ, ಸಿಟ್ಟು, ಅಸಹ್ಯ. 2024ರಲ್ಲಿ ಅದರ ಎರಡನೆಯ ಭಾಗ ಬಂದಾಗ ಹುಡುಗಿಗೆ ಹದಿಮೂರು ವರ್ಷವಾಗಿ, ಆತಂಕ, ಅಸೂಯೆ, ಮುಜುಗರ, ಬೇಸರ ಎಂಬ ಇನ್ನೂ ನಾಲ್ಕು ಬಂದು ಸೇರಿದವು. ಒಟ್ಟು ಒಂಬತ್ತು. ನಮ್ಮ ಭರತಮುನಿಗಳು ಇದನ್ನು ನೋಡಿದ್ದರೆ, ಇನ್ನೂ ನಲವತ್ತು ಬಾಕಿ ಇದೆಯಲ್ಲಪ್ಪ ಅನ್ನುತ್ತಿದ್ದರು. ನಾಟ್ಯಶಾಸ್ತ್ರದ ಲೆಕ್ಕ 49: ಸ್ಥಾಯಿಭಾವ ಎಂಟು, ಸಂಚಾರಿಭಾವ ಮೂವತ್ತಮೂರು, ಸಾತ್ತ್ವಿಕ ಎಂಟು.

ಆ ಮೂವತ್ತಮೂರರ ಪಟ್ಟಿ ಒಮ್ಮೆ ನೋಡಬೇಕು. ಗರ್ವ, ಅಸೂಯೆ, ಚಿಂತೆ, ವಿಷಾದಗಳ ನಡುವೆ ಆಲಸ್ಯವಿದೆ, ನಿದ್ರೆಯೂ ಇದೆ. ನಿದ್ರೆ ಒಂದು ಭಾವವೇ ಎಂದು ಅಲಂಕಾರಶಾಸ್ತ್ರ ಓದುವ ಹುಡುಗರು ನಗುತ್ತಾರೆ. ಮಗು ಸಾಕಿದವರನ್ನು ಕೇಳಿ. ಸಂಜೆ ಆರಕ್ಕೆ ರಚ್ಚೆ ಹಿಡಿದು, ನೀಲಿ ಲೋಟ ಕೊಟ್ಟರೆ ಕೆಂಪು ಬೇಕೆಂದು, ಕೆಂಪು ಕೊಟ್ಟರೆ ನೀಲಿಯನ್ನು ಯಾಕೆ ತೆಗೆದೆ ಎಂದು ಹೊರಳಾಡುವ ಮಗುವಿಗೆ ಇರುವುದು ಸಿಟ್ಟೂ ಅಲ್ಲ, ದುಃಖವೂ ಅಲ್ಲ. “ಅದಕ್ಕೆ ನಿದ್ದೆ ಬಂದಿದೆ ಅಷ್ಟೆ, ಹೆಗಲಿಗೆ ಹಾಕ್ಕೋ” ಎಂದು ಒಳಗಿನಿಂದಲೇ ಕೂಗಿ ಹೇಳುವ ಅಜ್ಜಿ ಭರತನ ಪರಂಪರೆಯವರು. ಮಗುವಿಗೆ ಮಾತ್ರ ಅದು ತಿಳಿಯುವುದಿಲ್ಲ. ನಿದ್ದೆ ಬಂದಿದೆಯಾ ಎಂದು ಕೇಳಿದರೆ ಇನ್ನೂ ಜೋರಾಗಿ ಅಳುತ್ತದೆ.

ಎಂಟು ಸ್ಥಾಯಿಗಳಲ್ಲಿ ಒಂದಾದ ಜುಗುಪ್ಸೆಯ ಮುಖ ಮಕ್ಕಳಿಗೆ ತೀರಾ ತಡವಾಗಿ ಗುರುತು ಸಿಗುತ್ತದೆ. ಇದನ್ನು ಹೇಳಿದವರು ಅಮೆರಿಕದ ಶೆರಿ ವೈಡನ್ ಮತ್ತು ಜೇಮ್ಸ್ ರಸೆಲ್. ಮುಖದ ಚಿತ್ರ ತೋರಿಸಿ ಇವರಿಗೆ ಏನಾಗಿದೆ ಎಂದು ಕೇಳಿದರೆ ಎರಡು ವರ್ಷದ ಮಕ್ಕಳಿಗೆ ಜಗತ್ತಿನಲ್ಲಿ ಇರುವುದು ಹೆಚ್ಚುಕಡಿಮೆ ಎರಡೇ ಖಾನೆ, ಒಳ್ಳೆಯದು ಮತ್ತು ಕೆಟ್ಟದ್ದು. ಖುಷಿ, ಸಿಟ್ಟು, ಅಳು ಎಂಬ ಹೆಸರುಗಳು ಮೊದಲು ಬರುತ್ತವೆ, ಭಯ ಮತ್ತು ಆಶ್ಚರ್ಯ ಆಮೇಲೆ. ಮೂಗು ಮುರಿದು ತುಟಿ ಕೊಂಕಿಸಿದ ಅಸಹ್ಯದ ಮುಖವನ್ನಂತೂ ಶಾಲೆಗೆ ಹೋಗುವ ಮಕ್ಕಳೂ “ಇವನಿಗೆ ಸಿಟ್ಟು ಬಂದಿದೆ” ಎಂದೇ ಓದುತ್ತಾರೆ; ಹೆಚ್ಚಿನವರಿಗೆ ಅದು ಸರಿಯಾಗಿ ಗುರುತು ಸಿಗುವಾಗ ಒಂಬತ್ತು ವರ್ಷದ ಹತ್ತಿರ. ಇದು ತಿಳಿದ ಮೇಲೆ ನನಗೆ ಅನೇಕ ಊಟದ ಮನೆಯ ಜಗಳಗಳು ಅರ್ಥವಾದವು. ಎಲೆಯ ಮೇಲೆ ಕಲಸಿ ಕಿವುಚಿದ್ದನ್ನು ನೋಡಿ ಚಿಕ್ಕಮ್ಮ ಮುಖ ಸಿಂಡರಿಸುತ್ತಾಳೆ, “ಅಸಹ್ಯ ಮಾಡಬೇಡ” ಅನ್ನುತ್ತಾಳೆ. ಮಗು ಅಳಲು ಶುರುಮಾಡುತ್ತದೆ. “ನಾನೇನು ಬೈದೆನಾ?” ಎಂದು ಚಿಕ್ಕಮ್ಮನಿಗೆ ಆಶ್ಚರ್ಯ. ಅವಳು ಆಡಿದ್ದು ಬೀಭತ್ಸ, ಮಗು ನೋಡಿದ್ದು ರೌದ್ರ.

ಹೆಸರಿಡಲು ಬಾರದಿದ್ದರೇನಂತೆ, ಮುಖ ಓದುವುದರಲ್ಲಿ ಎಳೆಯ ಮಕ್ಕಳು ಪೋಲೀಸರಿಗೆ ಕಮ್ಮಿಯಿಲ್ಲ. ಒಂದು ವರ್ಷದ ಮಕ್ಕಳನ್ನು ಗಾಜಿನ ಹಲಗೆಯ ಮೇಲೆ ಅಂಬೆಗಾಲಿಡಲು ಬಿಟ್ಟು ಮಾಡಿದ ಪ್ರಯೋಗವೊಂದಿದೆ. ಅರ್ಧ ದಾರಿಯಲ್ಲಿ ಗಾಜಿನ ಕೆಳಗೆ ನೆಲ ಸುಮಾರು ಒಂದಡಿ ಕೆಳಕ್ಕಿಳಿದ ಹಾಗೆ ಕಾಣುತ್ತದೆ. ದಾಟಬಹುದೋ ಬಾರದೋ ಎಂಬ ಸಂಶಯ ಹುಟ್ಟಿಸುವಷ್ಟು ಮಾತ್ರ ಆಳ. ಆಚೆ ತುದಿಯಲ್ಲಿ ತಾಯಿ. 1985ರಲ್ಲಿ ಜೇಮ್ಸ್ ಸೋರ್ಸ್ ಮತ್ತು ಸಂಗಡಿಗರು ವರದಿ ಮಾಡಿದಂತೆ, ತಾಯಿ ನಗುಮುಖ ತೋರಿಸಿದಾಗ 19 ಮಕ್ಕಳಲ್ಲಿ 14 ದಾಟಿ ಹೋದವು. ತಾಯಿ ಹೆದರಿದ ಮುಖ ಮಾಡಿದಾಗ 17 ಮಕ್ಕಳಲ್ಲಿ ಒಂದೂ ದಾಟಲಿಲ್ಲ. ಮಾತಿಲ್ಲ, ಕೂಗಿಲ್ಲ, ಬರೀ ಮುಖ. ಎಷ್ಟೋ ವರ್ಷದ ಮೇಲೆ ಊರಿಗೆ ಬಂದ ಮೀಸೆ ಮಾವ “ಬಾ ಬಾ” ಎಂದು ಕೈಚಾಚಿದಾಗ ಮಗು ನೋಡುವುದು ಮಾವನನ್ನಲ್ಲ, ಹೊರಳಿ ಅಮ್ಮನನ್ನು. ಅಮ್ಮನಿಗೂ ಆ ಮಾವನಿಗೂ ಆಸ್ತಿಯ ವಿಷಯದಲ್ಲಿ ಸರಿಯಿಲ್ಲವೆಂದು ಮನೆತುಂಬ ಜನರ ಮುಂದೆ ಬಯಲಾಗುವುದು ಹೀಗೆ.

ಮುಖ ಓದಲು ಬಂದ ಮಾತ್ರಕ್ಕೆ ಬೇರೆಯವರ ಮನಸ್ಸು ಬೇರೆ ಎಂದು ತಿಳಿಯುವುದಿಲ್ಲ. ಹಲ್ಲಿಲ್ಲದ ಅಜ್ಜನ ಬಾಯಿಗೆ ಚಕ್ಕುಲಿ ತುರುಕುವ ಮಗುವಿನದು ಔದಾರ್ಯವೇ, ಆದರೆ ತನಗೆ ರುಚಿಸಿದ್ದು ಅಜ್ಜನಿಗೂ ರುಚಿಸಲೇಬೇಕೆಂಬ ಔದಾರ್ಯ. ಇದು ಕರಗುವುದು ಯಾವಾಗ ಎಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಬೆಟ್ಟಿ ರಪಕೋಲಿ ಮತ್ತು ಆಲಿಸನ್ ಗೋಪ್ನಿಕ್ ನೋಡಿದರು. ಎರಡು ಬಟ್ಟಲು: ಒಂದರಲ್ಲಿ ಮಕ್ಕಳಿಗೆ ಪ್ರಿಯವಾದ ಗರಿಗರಿ ಬಿಸ್ಕತ್ತು, ಇನ್ನೊಂದರಲ್ಲಿ ಹಸಿ ಬ್ರೊಕೊಲಿ. ದೊಡ್ಡವರೊಬ್ಬರು ಬಿಸ್ಕತ್ತು ಬಾಯಿಗಿಟ್ಟು ಮುಖ ಹಿಂಡಿ, ಬ್ರೊಕೊಲಿ ತಿಂದು ಆಹಾ ಎಂದು ಚಪ್ಪರಿಸಿ, ಆಮೇಲೆ ಮಗುವಿನ ಮುಂದೆ ಕೈಯೊಡ್ಡಿ ಸ್ವಲ್ಪ ಕೊಡು ಎಂದರು. 14 ತಿಂಗಳ ಮಕ್ಕಳು ಕೊಟ್ಟದ್ದು ಬಿಸ್ಕತ್ತನ್ನೇ. ಬ್ರೊಕೊಲಿ ಇಷ್ಟಪಡುವ ಪ್ರಾಣಿ ಇರಲು ಸಾಧ್ಯವೆ? 18 ತಿಂಗಳ ಮಕ್ಕಳು ಬ್ರೊಕೊಲಿ ಕೊಟ್ಟರು. ಬರೀ ನಾಲ್ಕು ತಿಂಗಳ ಅಂತರ. ಇದು 1997ರಲ್ಲಿ ಪ್ರಕಟವಾಯಿತು. ಕೆಲವು ಗಂಡಸರು ಈ ನಾಲ್ಕು ತಿಂಗಳನ್ನು ದಾಟದೆಯೇ ಷಷ್ಟ್ಯಬ್ದಿ ಮಾಡಿಸಿಕೊಂಡಿದ್ದಾರೆ ಎಂದು ನಮ್ಮ ಮನೆಯಲ್ಲಿ ಒಬ್ಬರ ಅಭಿಪ್ರಾಯ. ಅವರ ಹುಟ್ಟುಹಬ್ಬಕ್ಕೆ ನಾನು ತಂದುಕೊಟ್ಟ ಪುಸ್ತಕವೊಂದರ ಮೇಲೆ ಈಗ ಫಿಲ್ಟರ್ ಕಾಫಿಯ ಡಿಕಾಕ್ಷನ್ ಪಾತ್ರೆ ಕೂತಿದೆ.

ಬೇರೆಯವರ ಮನಸ್ಸು ಬೇರೆ ಎಂದು ತಿಳಿದ ಮೇಲೂ ಒಂದು ಮಜವಾದ ಗಂಟು ಇದೆ. ಮಂಗ ಮತ್ತು ಮೊಸಳೆಯ ಕಥೆ ಎಲ್ಲರೂ ಹೇಳಿದ್ದೇವೆ. ಮೊಸಳೆಯ ಬೆನ್ನೇರಿ ಮಂಗ ಹೊಳೆ ದಾಟುತ್ತಿದೆ. ತನ್ನ ಗುಂಡಿಗೆಯ ಮೇಲೆ ಮೊಸಳೆಯ ಹೆಂಡತಿಗೆ ಕಣ್ಣು ಬಿದ್ದಿರುವುದು ಅದಕ್ಕೆ ಗೊತ್ತಿಲ್ಲ. ಇಲ್ಲಿ ನಿಲ್ಲಿಸಿ ನಾಲ್ಕೈದು ವರ್ಷದ ಮಗುವನ್ನು ಕೇಳಿ:

“ಮೊಸಳೆ ತಿಂತದೆ ಅಂತ ಮಂಗನಿಗೆ ಗೊತ್ತುಂಟಾ?”

“ಇಲ್ಲ.”

“ಎಲ್ಲಿಗೆ ಹೋಗ್ತಿದ್ದೇನೆ ಅಂತ ಅಂದ್ಕೊಂಡಿದೆ ಅದು?”

“ಮೊಸಳೆ ಮನೆಗೆ, ಊಟಕ್ಕೆ.”

“ಹಾಗಾದ್ರೆ ಮಂಗನಿಗೆ ಈಗ ಖುಷಿಯಾ, ಹೆದರಿಕೆಯಾ?”

“ಹೆದರಿಕೆ!”

ಗೊತ್ತಿಲ್ಲದ ಅಪಾಯಕ್ಕೆ ಹೆದರುವುದು ಹೇಗೆ? ಫ್ರಾನ್ಸಿನಲ್ಲಿ ಜೋಯಲ್ ಬ್ರಾಡ್ಮೆಟ್ಸ್ ಮತ್ತು ರೋಲಾಂ ಶ್ನೈಡರ್ ಎಂಬವರು ಕೆಂಪು ಟೋಪಿಯ ಹುಡುಗಿ ಮತ್ತು ತೋಳದ ಕಥೆ ಇಟ್ಟುಕೊಂಡು ಇದನ್ನೇ ಕಂಡು 1999ರಲ್ಲಿ ಬರೆದರು. ಹಾಸಿಗೆಯಲ್ಲಿ ಮಲಗಿರುವುದು ಅಜ್ಜಿಯೆಂದೇ ಹುಡುಗಿ ನಂಬಿದ್ದಾಳೆ ಎಂದು ಮಕ್ಕಳು ಸರಿಯಾಗಿ ಹೇಳುತ್ತಾರೆ. ಮರುಗಳಿಗೆಯಲ್ಲಿ, ಅವಳಿಗೆ ತೋಳದ ಹೆದರಿಕೆ ಅನ್ನುತ್ತಾರೆ. ಒಬ್ಬರ ತಲೆಯಲ್ಲಿರುವ ತಪ್ಪು ತಿಳಿವಳಿಕೆ ಮಗುವಿಗೆ ಮೊದಲು ಹೊಳೆಯುತ್ತದೆ. ಆ ತಪ್ಪು ತಿಳಿವಳಿಕೆಗೆ ತಕ್ಕ ಭಾವವೇ ಅವರಲ್ಲಿ ಇರುತ್ತದೆಂಬುದು ಹೊಳೆಯಲು ಇನ್ನೂ ಒಂದೆರಡು ವರ್ಷ ಬೇಕು. ನಾನು ಇದಕ್ಕೆ ಮಕ್ಕಳನ್ನು ಹೀಗಳೆಯುವುದಿಲ್ಲ. ಧಾರಾವಾಹಿಯಲ್ಲಿ ಸೊಸೆ ವಿಷದ ಹಾಲಿನ ಲೋಟ ಎತ್ತಿದಾಗ “ಅಯ್ಯೋ ಕುಡೀಬೇಡ ಕಣೇ” ಎಂದು ಸೋಫಾದ ತುದಿಗೆ ಬರುವ ನಾವೇನು ಬೇರೆಯೆ? ಹೆದರಿಕೆ ನಮ್ಮದು, ಹಚ್ಚುವುದು ಸೊಸೆಗೆ.

ಇನ್ನು ಮುಚ್ಚಿಡುವ ವಿದ್ಯೆ. ಅದಕ್ಕೆ ಭರತನಲ್ಲಿ ‘ಅವಹಿತ್ಥ’ ಎಂಬ ಹೆಸರೇ ಇದೆ, ಒಳಗಿನ ಭಾವವನ್ನು ಹೊರಗೆ ಕಾಣದಂತೆ ಮಾಡುವುದು. ಅದೂ ಮೂವತ್ತಮೂರರಲ್ಲಿ ಒಂದು. ಮುಚ್ಚಿಡುವುದನ್ನೇ ಒಂದು ಭಾವವೆಂದು ಎಣಿಸಿದ ಆ ಪುಣ್ಯಾತ್ಮರಿಗೆ ಕೂಡುಕುಟುಂಬದ ಅನುಭವ ಇದ್ದಿರಬೇಕು. ಅಮೆರಿಕದಲ್ಲಿ ಕ್ಯಾರೊಲಿನ್ ಸಾರ್ನಿ ಎಂಬಾಕೆ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಶಾಲೆಯ ಮಕ್ಕಳಿಗೆ ಒಳ್ಳೆಯ ಉಡುಗೊರೆಯ ಆಸೆ ಹುಟ್ಟಿಸಿ, ಕೊನೆಗೆ ಹಸುಗೂಸುಗಳ ಆಟಿಕೆ ಕೊಟ್ಟಳು. ಚಿಕ್ಕವರ, ಅದರಲ್ಲೂ ಚಿಕ್ಕ ಹುಡುಗರ ಮುಖ ಇಷ್ಟಕ್ಕೆ ಜೋತು ಬಿತ್ತು, ದೊಡ್ಡವರು ನಕ್ಕು ಥ್ಯಾಂಕ್ಸ್ ಹೇಳಿದರು. ನಮ್ಮಲ್ಲಿ ಈ ಪ್ರಯೋಗಕ್ಕೆ ವಿಜ್ಞಾನಿಗಳು ಬೇಕಿಲ್ಲ, ಒಂದು ಹುಟ್ಟುಹಬ್ಬ ಸಾಕು. ಒಂದರ ಮೇಲೊಂದು ಪೆನ್ಸಿಲ್ ಬಾಕ್ಸುಗಳೇ ಬರುತ್ತಿರುವಾಗ “ನನ್ನತ್ರ ಇದು ಉಂಟು” ಎಂದು ಮಗು ಅನ್ನುವುದಕ್ಕೂ ಹಿಂದಿನಿಂದ ಅಮ್ಮ ಬೆನ್ನು ಚಿವುಟುವುದಕ್ಕೂ ಸರಿಹೋಗುತ್ತದೆ.

ಇದೇ ವಿಷಯದಲ್ಲಿ ಭಾರತದ ಮಕ್ಕಳನ್ನೂ ಇಂಗ್ಲೆಂಡಿನ ಮಕ್ಕಳನ್ನೂ ಹೋಲಿಸಿ ಜೋಶಿ ಮತ್ತು ಮೆಕ್ಲೀನ್ ಎಂಬವರು 1994ರಲ್ಲಿ ಬರೆದಿದ್ದಾರೆ. ಒಳಗೊಂದು ಭಾವ, ಮುಖದಲ್ಲೊಂದು ಭಾವ ಇರಬಹುದು ಎಂಬ ತಿಳಿವಳಿಕೆ ನಾಲ್ಕೇ ವರ್ಷದ ಭಾರತೀಯ ಹೆಣ್ಣುಮಕ್ಕಳಲ್ಲಿ ಇಂಗ್ಲೆಂಡಿನ ಓರಗೆಯವರಿಗಿಂತ ಹೆಚ್ಚಾಗಿ ಕಂಡಿತು. ಓದಿದ ಕೂಡಲೇ ನನಗೆ ಭಲೇ ಅನ್ನಿಸಲಿಲ್ಲ. ನಾಲ್ಕು ವರ್ಷದ ಹೆಣ್ಣುಮಗು ಈ ವಿದ್ಯೆಯಲ್ಲಿ ಪಾಸಾಗಬೇಕಿದ್ದರೆ ಪಾಠ ಯಾವ ವಯಸ್ಸಿಗೆ ಶುರುವಾಗಿರಬೇಕು? ದೊಡ್ಡವರ ಮುಂದೆ ಮುಖ ಊದಿಸಬಾರದು, ನೆಂಟರ ಮುಂದೆ ಅಳಬಾರದು, ಅಣ್ಣನಿಗೆ ದೊಡ್ಡ ತುಂಡು ಹೋದದ್ದನ್ನು ನೋಡಿದರೂ ನೋಡದ ಹಾಗೆ ಇರಬೇಕು. ಗಂಡುಮಗು ಮುಖ ಊದಿಸಿದರೆ “ಅವನಿಗೆ ಮೂಗಿನ ತುದೀಲೇ ಸಿಟ್ಟು, ಥೇಟ್ ಅವರಜ್ಜನೇ” ಎಂದು ಬಿರುದು ಕೊಡುತ್ತೇವೆ. ಇದರಲ್ಲಿ ಬುದ್ಧಿವಂತಿಕೆ ಅವಳದ್ದು, ಜುಲುಮೆ ನಮ್ಮದು.

ಒಳಗೆ ಬೇರೆ, ಹೊರಗೆ ಬೇರೆ ಎಂಬ ಪಾಠವನ್ನು ನಗುನಗುತ್ತಾ ಕಲಿಸುವ ಜಾಗ ಒಂದಿತ್ತು, ಈಗಲೂ ಇದೆ: ಯಕ್ಷಗಾನದ ಬಣ್ಣದ ಮನೆ, ಅಂದರೆ ಚೌಕಿ. ಕರಾವಳಿಯಲ್ಲಿ ‘ದೇವೀ ಮಹಾತ್ಮೆ’ ಆಟ ನೋಡಿದವರಿಗೆ ಮಹಿಷಾಸುರನ ಪ್ರವೇಶ ಮರೆಯುವಂಥದ್ದಲ್ಲ. ರಂಗಸ್ಥಳದಿಂದಲ್ಲ, ಜನರ ನಡುವಿನಿಂದ, ದೊಂದಿಯ ಬೆಂಕಿಗೆ ರಾಳ ಎರಚುತ್ತಾ, ಎರಡು ಕೊಂಬು ಹೊತ್ತು, ಅರ್ಭಟೆ ಕೊಡುತ್ತಾ ಬರುತ್ತಾನೆ. ನಿದ್ದೆಗಣ್ಣಿನ ಮಕ್ಕಳು ಕಂಬಳಿಯೊಳಗೆ ಸೇರಿಕೊಂಡು ಕಿರುಚುತ್ತವೆ. ಹಾಗೆ ಕಿರುಚಿದ ಮಗುವನ್ನು ಬುದ್ಧಿವಂತ ಅಪ್ಪನೊಬ್ಬ ಎತ್ತಿಕೊಂಡು ಚೌಕಿಗೆ ಹೋಗುವುದನ್ನು ನೋಡಿದ್ದೇನೆ. ಅಲ್ಲಿ ಅದೇ ಮಹಿಷಾಸುರ ಕೊಂಬು ಬಿಚ್ಚಿಟ್ಟು, ಮುಖದ ಬಣ್ಣ ಹಾಗೇ ಇದ್ದಂತೆ, ಪೆಟ್ಟಿಗೆಯ ಮೇಲೆ ಕೂತು ಚಾ ಕುಡಿಯುತ್ತಿದ್ದ. ಬಣ್ಣ ಹಾಳಾಗದಂತೆ ತುಟಿಯನ್ನು ಮುಂದಕ್ಕೆ ಚಾಚಿ ಚಾ ಹೀರುವ ರಾಕ್ಷಸ! ಪಕ್ಕದಲ್ಲಿ ದೇವಿಯ ವೇಷದವನು ಕಿರೀಟ ತೆಗೆದು ಬೀಡಿ ಹಚ್ಚಿದ್ದ. ಮಗು ತುಂಬಾ ಹೊತ್ತು ನೋಡಿತು. ಆಮೇಲೆ ರಾಕ್ಷಸನನ್ನೇ ಕೇಳಿತು, “ನಿಂಗೆ ಸಿಟ್ಟು ಹೋಯ್ತಾ?” ಆತ ಗಂಭೀರವಾಗಿ, “ಇಲ್ಲ ಮಗಾ, ಹೊರಗೆ ಇಟ್ಟು ಬಂದಿದ್ದೇನೆ. ಚಾ ಕುಡ್ದು ಹೋಗಿ ತಗೊಳ್ಬೇಕು” ಅಂದ. ಭಾವಗಳ ಬಗ್ಗೆ ಅಷ್ಟು ಒಳ್ಳೆಯ ಉಪನ್ಯಾಸ ನಾನು ಬೇರೆಲ್ಲೂ ಕೇಳಿಲ್ಲ.

ಮುಖವಾದರೂ ಸರಿ, ಧ್ವನಿಯ ವಿಷಯದಲ್ಲಿ ಮಕ್ಕಳು ಮೋಸಹೋಗುತ್ತಾರೆ. ಕೆನಡಾದ ಬ್ರೂಸ್ ಮಾರ್ಟನ್ ಮತ್ತು ಸಾಂಡ್ರಾ ಟ್ರೆಹಬ್ 2001ರಲ್ಲಿ ಬರೆದ ಸಂಗತಿ ಇದು. ದುಃಖದ ಸುದ್ದಿಯನ್ನು ಖುಷಿಯ ಧ್ವನಿಯಲ್ಲಿ, ಖುಷಿಯ ಸುದ್ದಿಯನ್ನು ದುಃಖದ ಧ್ವನಿಯಲ್ಲಿ ಹೇಳಿಸಿ, ಹೇಳಿದವರಿಗೆ ಹೇಗನ್ನಿಸುತ್ತಿದೆ ಎಂದು ಕೇಳಿದರು. ದೊಡ್ಡವರು ಧ್ವನಿಯನ್ನು ನಂಬಿದರು, ನಾಲ್ಕು ವರ್ಷದವರು ಮಾತನ್ನು ನಂಬಿದರು. ಇದು ಗೊತ್ತಿಲ್ಲದೆ ನಮ್ಮ ಅಮ್ಮಂದಿರು ನಿತ್ಯ ಸೋಲುತ್ತಾರೆ. ಯಾಕೆಂದರೆ ನಮ್ಮ ಬೈಗುಳವೆಲ್ಲ ಹೊಗಳಿಕೆಯ ವೇಷದಲ್ಲಿಯೇ ಇರುವುದು. ಹುಡುಗ ಅಕ್ಕಿಯ ಡಬ್ಬಿಗೆ ಕೈ ಹಾಕಿ ನೆಲಕ್ಕೆ ಸುರಿಯುತ್ತಿದ್ದಾನೆ. ಅಮ್ಮ ಸೊಂಟದ ಮೇಲೆ ಕೈಯಿಟ್ಟು, “ಸುರಿ, ಸುರಿ, ಚೆನ್ನಾಗಿ ಸುರಿ! ಇನ್ನೂ ಸ್ವಲ್ಪ ಉಳಿದಿದೆ ನೋಡು, ಅದನ್ನೂ ಸುರಿ” ಅನ್ನುತ್ತಾಳೆ. ಹುಡುಗ ಅಮ್ಮನ ಇಂಥ ಸಹಕಾರಕ್ಕೆ ಬೆರಗಾಗಿ, ಡಬ್ಬಿಯನ್ನು ತಲೆಕೆಳಗು ಮಾಡುತ್ತಾನೆ. ಪೆಟ್ಟು ಬೀಳುತ್ತದೆ. ಮಗುವಿನ ಕಡೆಯಿಂದ ನೋಡಿದರೆ ಎಂಥ ಅನ್ಯಾಯ! ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದಕ್ಕೆ ಶಿಕ್ಷೆ. ವಕ್ರೋಕ್ತಿಯನ್ನು ಆಲಂಕಾರಿಕ ಕುಂತಕ ಕಾವ್ಯದ ಜೀವಿತವೆಂದ; ನಾಲ್ಕು ವರ್ಷದವರ ಬೆನ್ನಿನ ಪಾಲಿಗೆ ಅದು ಮೃತ್ಯು.

ಹಾಗಾದರೆ ಇಷ್ಟನ್ನೆಲ್ಲ ಅವು ಕಲಿಯುವುದು ಎಲ್ಲಿ? ಗೋಡೆಯ ಚಾರ್ಟಿನಿಂದ ಅಲ್ಲ ಎಂದು ನನ್ನ ಹಟ. ಇಂಗ್ಲೆಂಡಿನ ಜೂಡಿ ಡನ್ ಎಂಬ ಮನಶ್ಶಾಸ್ತ್ರಜ್ಞೆ ಪ್ರಯೋಗಾಲಯ ಬಿಟ್ಟು ಜನರ ಮನೆಗಳಿಗೆ ಹೋಗಿ, ಮಕ್ಕಳು ಅಡುಗೆಮನೆಯಲ್ಲಿ, ಮೆಟ್ಟಿಲ ಮೇಲೆ ಅಣ್ಣತಂಗಿಯರ ಜೊತೆ ಕಿತ್ತಾಡುವುದನ್ನು ಕೂತು ಕೇಳಿದವಳು. ಅವಳೂ ಸಂಗಡಿಗರೂ 1991ರಲ್ಲಿ ಪ್ರಕಟಿಸಿದ್ದು ಇಷ್ಟು: ಮಕ್ಕಳು ಮೂರು ವರ್ಷದವರಿದ್ದಾಗ ಯಾವ ಮನೆಗಳಲ್ಲಿ ಭಾವನೆಗಳ ಬಗ್ಗೆ ಹೆಚ್ಚು ಮಾತುಕತೆ ನಡೆದಿತ್ತೋ, ಆ ಮನೆಗಳ ಮಕ್ಕಳು ಆರು ದಾಟಿದಾಗ ಬೇರೆಯವರ ಭಾವನೆಗಳನ್ನು ಚೆನ್ನಾಗಿ ಊಹಿಸಬಲ್ಲವರಾಗಿದ್ದರು. ಮಾತುಕತೆ ಎಂದರೆ ಎದುರು ಕೂರಿಸಿಕೊಂಡು “ನಿನಗೀಗ ಏನನ್ನಿಸುತ್ತಿದೆ ಹೇಳು ಕಂದ” ಎಂಬ ಸಂದರ್ಶನವಲ್ಲ. ಆ ಪ್ರಶ್ನೆಗೆ ಮಕ್ಕಳು ಕೊಡುವ ಪ್ರಾಮಾಣಿಕ ಉತ್ತರ, “ಐಸ್‌ಕ್ರೀಮ್.” ಮಾತುಕತೆ ಎಂದರೆ ಅವಳು ಯಾಕೆ ಅತ್ತಳು, ಇವನಿಗೆ ಯಾಕೆ ಉರಿದುಹೋಯಿತು, ನೀನು ಕಸಿದುಕೊಂಡದ್ದಕ್ಕೆ ಅವನು ಕಚ್ಚಿದ್ದಾ ಅಥವಾ ಕಚ್ಚಿದ್ದಕ್ಕೆ ನೀನು ಕಸಿದುಕೊಂಡದ್ದಾ ಎಂಬ ದಿನನಿತ್ಯದ ವಿಚಾರಣೆ.

ಈ ದೃಷ್ಟಿಯಿಂದ ನಮ್ಮ ಹಳೆಯ ಜಗುಲಿಗೆ ಸರಿಸಾಟಿಯಾದ ವಿದ್ಯಾಪೀಠವಿರಲಿಲ್ಲ. ಹಲಸಿನ ತೊಳೆ ಬಿಡಿಸುತ್ತಾ, ಹಪ್ಪಳ ಒತ್ತುತ್ತಾ ಹೆಂಗಸರು ಊರವರ ಸುದ್ದಿ ಎತ್ತುವರು. “ಅವಳು ನಗಾಡಿದ್ದೇನೋ ಹೌದು, ಒಳಗೆ ಕುದೀತಿತ್ತು.” “ಅವನು ಬಾರದೇ ಇದ್ದದ್ದು ಸಿಟ್ಟಿಗಲ್ಲ, ನಾಚಿಕೆಗೆ. ಸಾಲ ಕೊಟ್ಟಿಲ್ಲವಲ್ಲ.” “ಅವರಿಗೆ ಗೊತ್ತೇ ಇರ್ಲಿಲ್ಲ ಮಾರಾಯ್ತಿ, ಗೊತ್ತಾಗಿದ್ರೆ ಅಳ್ತಾ ಇದ್ರು.” ಒಂದೊಂದು ವಾಕ್ಯದಲ್ಲೂ ತೋರಿಕೆಯ ಭಾವ, ನಿಜದ ಭಾವ, ತಪ್ಪು ತಿಳಿವಳಿಕೆ, ಅದಕ್ಕೆ ತಕ್ಕ ಭಾವ, ಎಲ್ಲವೂ ಸೋದಾಹರಣ. ಹಪ್ಪಳದ ಹಿಟ್ಟು ಕದಿಯಲು ಬಂದ ಮಕ್ಕಳು ಎರಡೂ ಕಿವಿ ತೆರೆದು ಕೂತಿರುತ್ತಿದ್ದವು. “ದೊಡ್ಡವರು ಮಾತಾಡುವಲ್ಲಿ ನಿಮಗೆಂತ ಕೆಲಸ, ಆಟ ಆಡಿ ಹೋಗಿ” ಎಂದು ಅಟ್ಟುತ್ತಿದ್ದರು, ನಿಜ. ಅಟ್ಟಿದ ಮೇಲೆ ಕಿವಿ ಇನ್ನೂ ಚುರುಕಾಗುತ್ತಿತ್ತು. ಈಗ ಫ್ಲ್ಯಾಟಿನಲ್ಲಿ ಅಪ್ಪ, ಅಮ್ಮ, ಮಗು ಮೂವರ ಮುಖವೂ ಮೂರು ಪರದೆಗಳತ್ತ ಇರುವಾಗ ಯಾರನ್ನು ಯಾರು ಆಡಿಕೊಳ್ಳಬೇಕು? ಆಡಿಕೊಳ್ಳುವುದು ಪಾಪ ಎಂದು ಬೋಧಿಸುವವರ ಮೇಲೆ ನನಗೆ ಗೌರವವಿದೆ. ಅವರ ಮನೆಯ ಮಕ್ಕಳ ಬಗ್ಗೆ ಮಾತ್ರ ಸ್ವಲ್ಪ ಚಿಂತೆ.

ಕೊನೆಗೆ ಬರುವುದು ಎರಡು ಭಾವ ಒಟ್ಟಿಗೇ ಇರಬಲ್ಲವು ಎಂಬ ತಿಳಿವಳಿಕೆ. ಸೂಸನ್ ಹಾರ್ಟರ್ ಎಂಬ ಅಮೆರಿಕದ ಸಂಶೋಧಕಿಯ ಪ್ರಕಾರ, ಚಿಕ್ಕ ಮಕ್ಕಳು ಖುಷಿ ಮತ್ತು ಬೇಜಾರನ್ನು ಒಂದಾದ ಮೇಲೊಂದು ಬರುವ ಬಸ್ಸುಗಳೆಂದೇ ಭಾವಿಸುತ್ತಾರೆ. ಎರಡೂ ಒಂದೇ ನಿಲ್ದಾಣದಲ್ಲಿ ಒಟ್ಟಿಗೆ ನಿಲ್ಲಬಹುದೆಂದು ಅರಿವಾಗುವುದು ಎಂಟರಿಂದ ಹನ್ನೊಂದರ ನಡುವೆ ಎಲ್ಲೋ. ಬಸ್ಸಿನ ಹೋಲಿಕೆ ನನ್ನದು, ಆಕೆಯದಲ್ಲ.

ಕಳೆದ ವೈಶಾಖದಲ್ಲಿ ನೆಂಟರ ಮನೆಯ ಮದುವೆ. ಹೆಣ್ಣು ಒಪ್ಪಿಸುವ ಶಾಸ್ತ್ರ ನಡೆದಿತ್ತು. ಮದುಮಗಳೂ ಅವಳ ಅಮ್ಮನೂ ಅಳುತ್ತಿದ್ದರು, ಅಪ್ಪ ಶಾಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು, ಅಲ್ಲಿಯ ತನಕ ಹಲ್ಲು ಕಿಸಿಯುತ್ತಿದ್ದ ಫೋಟೋದವನೂ ಮುಖ ಗಂಭೀರ ಮಾಡಿಕೊಂಡಿದ್ದ. ನನ್ನ ಪಕ್ಕದ ಕುರ್ಚಿಯಲ್ಲಿ ಇಬ್ಬರು ಮಕ್ಕಳು, ಅಕ್ಕನಿಗೆ ಹತ್ತು, ತಮ್ಮನಿಗೆ ಐದು.

“ಚಿಕ್ಕಿ ಯಾಕೆ ಅಳ್ತಾಳೆ? ಮದುವೆ ಬೇಡವಾ ಅವಳಿಗೆ?”

“ಬೇಕು ಮಾರಾಯ. ಖುಷಿಯೂ ಆಗಿದೆ, ಬೇಜಾರೂ ಆಗಿದೆ.”

“ಮೊದಲು ಯಾವುದು?”

“ಮೊದಲು ಅಂತ ಇಲ್ಲ. ಒಟ್ಟಿಗೆ.”

“ಸುಳ್ಳು.”

ಅಕ್ಕ ಹಣೆ ಚಚ್ಚಿಕೊಂಡಳು. ಇವನು ಕುರ್ಚಿಯಿಂದ ಇಳಿದು, ಹಿರಿಯರ ಕಾಲುಗಳ ಸಂದಿಯಲ್ಲಿ ನುಸುಳಿ, ನೇರ ಮದುಮಗಳ ಎದುರು ನಿಂತು, ಅವಳ ಸೀರೆಯ ನೆರಿಗೆ ಜಗ್ಗಿ ಕೇಳಿಯೇಬಿಟ್ಟ, “ಚಿಕ್ಕೀ, ನಿಂಗೆ ಈಗ ಖುಷಿಯಾ ಬೇಜಾರಾ?” ಪುರೋಹಿತರು ಮಂತ್ರ ನಿಲ್ಲಿಸಿದರು. ಬೆಳಗಿನಿಂದ ಕೂತು, ನಿಂತು, ಹೊಗೆ ಕುಡಿದು, ಫೋಟೋದವನು ಹೇಳಿದಾಗಲೆಲ್ಲ ನಕ್ಕು, ಎಲೆಯ ಮುಂದೆ ಕೂತಾಗಲೂ ಎರಡು ತುತ್ತು ಇಳಿಸಲು ಪುರುಸೊತ್ತು ಸಿಗದಿದ್ದ ಆ ಹುಡುಗಿ ಮೂಗು ಒರೆಸಿಕೊಂಡು, ಬಗ್ಗಿ, ಅವನ ಕಿವಿಯಲ್ಲಿ ಹೇಳಿದ್ದು ಎದುರು ಸಾಲಿನಲ್ಲಿದ್ದ ನಮಗೂ ಕೇಳಿಸಿತು: “ಹಸಿವು.”

ಹುಡುಗ ಅಕ್ಕನ ಕಡೆ ತಿರುಗಿ, ಗೆದ್ದವನ ಧ್ವನಿಯಲ್ಲಿ ಕೂಗಿದ, “ನೋಡು, ನೀನು ಹೇಳಿದ್ದು ಎರಡೂ ಅಲ್ಲ!” ಭರತನ ಮೂವತ್ತಮೂರರಲ್ಲಿ ಹಸಿವು ಇಲ್ಲ, ಮನೆಗೆ ಬಂದು ಪಟ್ಟಿ ತೆಗೆದು ನೋಡಿದೆ.